ಪರಿಮಿತ ಆವೃತ್ತಿ ಮತ್ತು ಪರಿಮಿತ ಪರಿಗ್ರಹ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವ ಶ್ರಾವಕನು ತನ್ನ ಬಳಿ ಇರಬೇಕಾದ ಹೊಲವೆಷ್ಟು, ಮನೆಯೆಷ್ಟು, ಬೆಳ್ಳಿ-ಬಂಗಾರವೆಷ್ಟು, ದನ-ಧಾನ್ಯವೆಷ್ಟು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾನೆ. ಬೈಲಹೊಂಗಲದ ಹತ್ತಿಯ ವ್ಯಾಪಾರಿಗಾಗಲಿ, ಸವದತ್ತಿಯ ಜೋಳದ ಹೊಲದ ಒಡೆಯನಿಗಾಗಲಿ, ಕಿತ್ತೂರಿನ ಭತ್ತದ ಗದ್ದೆಯವನಿಗಾಗಲಿ, ರಾಮದುರ್ಗದ ಅಂಗಡಿಕಾರನಿಗಾಗಲಿ ಈ ಲೆಕ್ಕ ಅಪರಿಚಿತವಲ್ಲ. ಎಕರೆ, ತೊಲ, ಚೀಲ, ರೂಪಾಯಿ ಇವುಗಳಿಂದ ಅಳೆಯಬಹುದಾದ ಸಂಪತ್ತು ಅದು. ಆದರೆ ಕಾಲ ಬದಲಾದಂತೆ ಈ ಯಾವ ಅಳತೆಗೂ ಸುಲಭವಾಗಿ ಸಿಕ್ಕದ ವಸ್ತುಗಳು ಮನೆ ಸೇರುತ್ತವೆ. ಅಂಥ ಒಂದು ವಸ್ತು ಹಳೆಯ ಫಿಲಂ ಕ್ಯಾಮೆರಾ. ಅದರಲ್ಲೂ ಸಂಗ್ರಾಹಕರಿಗಾಗಿಯೇ ಎಣಿಸಿ ಮಾಡಿದ ‘ವಿಶೇಷ ಆವೃತ್ತಿ’ಯ ಕ್ಯಾಮೆರಾ. ಇದನ್ನು ಕೂಡಿಡುವುದು ನಿರ್ದೋಷವಾದ ಹವ್ಯಾಸವೋ, ಪರಿಗ್ರಹವೋ? ನೋಡುವುದಕ್ಕೆ ಸಣ್ಣ ಪ್ರಶ್ನೆ. ವಿಚಾರಿಸುತ್ತ ಹೋದರೆ ಅದು ನಮ್ಮ ಮನೆಗಳನ್ನಷ್ಟೇ ಅಲ್ಲ, ನಮ್ಮ ಬಸದಿಗಳ ಕಪಾಟುಗಳನ್ನೂ ಮುಟ್ಟುತ್ತದೆ.

ಮೊದಲು ವಸ್ತುವಿನ ಪರಿಚಯ ಮಾಡಿಕೊಳ್ಳೋಣ. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬ ತಂತ್ರಜ್ಞನು ರೂಪಿಸಿದ ಲೈಕಾ ಕ್ಯಾಮೆರಾ ೧೯೨೫ರಲ್ಲಿ ಮಾರುಕಟ್ಟೆಗೆ ಬಂದಿತು. ಕೈಯಲ್ಲಿ ಹಿಡಿದು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಯಂತ್ರ ಎಂಬುದೇ ಅದರ ಹಿರಿಮೆ. ಆದರೆ ನಾಲ್ಕೈದು ವರ್ಷಗಳು ಕಳೆಯುವುದರೊಳಗೆ ಅದೇ ಕಂಪನಿಯು ಬಂಗಾರದ ಲೇಪವಿರುವ, ಹಲ್ಲಿಯ ಜಾತಿಯ ಸರೀಸೃಪದ ಚರ್ಮ ಹೊದಿಸಿದ ‘ಲಕ್ಸಸ್’ ಎಂಬ ಮಾದರಿಯನ್ನು ಹೊರತಂದಿತು. ಒಳಗಿನ ಯಂತ್ರ ಮೊದಲಿನದೇ. ೧೯೭೯ರಲ್ಲಿ ಬಾರ್ನಾಕ್‌ನ ಜನ್ಮಶತಾಬ್ದಿಯ ನೆನಪಿಗೆಂದು ಬಂಗಾರ ಲೇಪಿಸಿದ ಸಾವಿರದಷ್ಟು ಕ್ಯಾಮೆರಾಗಳನ್ನು ಹೊರಡಿಸಲಾಯಿತು. ಜಪಾನಿನ ನಿಕಾನ್ ಕಂಪನಿಯೂ ೧೯೮೪ರಲ್ಲಿ ಬಂಗಾರ ಮತ್ತು ಸರೀಸೃಪದ ಚರ್ಮದ ವಿಶೇಷ ಆವೃತ್ತಿಯೊಂದನ್ನು ಮಾಡಿತು. ೨೦೨೨ರ ಜೂನ್‌ನಲ್ಲಿ ಜರ್ಮನಿಯ ವೆಟ್ಸ್ಲಾರ್‌ದಲ್ಲಿ ನಡೆದ ಹರಾಜಿನಲ್ಲಿ ಬಾರ್ನಾಕ್ ಸ್ವತಃ ಬಳಸಿದ್ದ ಲೈಕಾ ಒಂದು ಕೋಟಿ ನಲವತ್ತನಾಲ್ಕು ಲಕ್ಷ ಯೂರೋಗಳಿಗೆ ಹೋಯಿತು. ಕ್ಯಾಮೆರಾ ಒಂದಕ್ಕೆ ಅದುವರೆಗೆ ಅಷ್ಟು ಬೆಲೆ ಬಂದಿರಲಿಲ್ಲ.

ನಮ್ಮ ನಾಡಿನಲ್ಲಿ ಇಷ್ಟು ದೊಡ್ಡ ಮೊತ್ತಗಳ ಮಾತಿಲ್ಲ. ವಡೋದರಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-೩ ಎಂಬ ಸಾದಾ ಪೆಟ್ಟಿಗೆ ಕ್ಯಾಮೆರಾ, ತಾಲೂಕು ಊರುಗಳ ಸ್ಟುಡಿಯೊಗಳಲ್ಲಿ ಮದುವೆ-ಮುಂಜಿವೆಗಳ ಚಿತ್ರ ತೆಗೆದ ಎರಡು ಕಣ್ಣಿನ ಯಾಶಿಕಾ, ಕಪ್ಪುಬಟ್ಟೆಯೊಳಗೆ ತಲೆ ಹುದುಗಿಸಿ ನೋಡುವ ಕಟ್ಟಿಗೆಯ ನಿಲುವುಗ್ಯಾಮೆರಾ ಇವೇ ನಮಗೆ ಗೊತ್ತಿದ್ದವು. ಒಂದು ಕಾಲಕ್ಕೆ ಗುಜರಿಗೆ ಹೋಗುತ್ತಿದ್ದ ಇವುಗಳನ್ನೂ ಈಗ ಹುಡುಕಿಕೊಂಡು ಬಂದು ಕೊಳ್ಳುವವರಿದ್ದಾರೆ. ಬೆಲೆ ಸಾವಿರವೇ ಇರಲಿ, ಕೋಟಿಯೇ ಇರಲಿ, ಮನಸ್ಸಿನ ವ್ಯಾಪಾರ ಒಂದೇ ಆದುದರಿಂದ ಪ್ರಶ್ನೆಯೂ ಒಂದೇ.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಪರಿಗ್ರಹಕ್ಕೆ ಕೊಟ್ಟ ಲಕ್ಷಣ ವಸ್ತುವಿನ ಲಕ್ಷಣವಲ್ಲ, ಮನಸ್ಸಿನ ಲಕ್ಷಣ. ಮೂರ್ಛೆಯನ್ನೇ ಅವರು ಪರಿಗ್ರಹವೆಂದರು. ಬಾಹ್ಯ ಪರಿಗ್ರಹ ಹತ್ತು ಬಗೆಯದು. ಕ್ಷೇತ್ರ-ವಾಸ್ತುಗಳಿಂದ ಆರಂಭವಾಗಿ ಕುಪ್ಯ-ಭಾಂಡಗಳಲ್ಲಿ ಮುಗಿಯುವ ಆ ಪಟ್ಟಿಯಲ್ಲಿ ಕ್ಯಾಮೆರಾಕ್ಕೂ ಒಂದು ಮೂಲೆ ಸಿಕ್ಕೀತು. ಆದರೆ ಆಭ್ಯಂತರ ಪರಿಗ್ರಹ ಹದಿನಾಲ್ಕು ಬಗೆಯದು. ಮಿಥ್ಯಾತ್ವ, ನಾಲ್ಕು ಕಷಾಯಗಳು, ಒಂಬತ್ತು ನೋಕಷಾಯಗಳು ಅದರಲ್ಲಿ ಸೇರುತ್ತವೆ. ಸಂಗ್ರಾಹಕನ ಒಂದು ವರ್ಷದ ಬಾಳನ್ನು ಈ ಪಟ್ಟಿಯೊಡನೆ ಹೋಲಿಸಿ ನೋಡಬಹುದು. ಹೊಸದೊಂದು ಕೈಗೆ ಬಂದಾಗ ರತಿ, ಪೆಟ್ಟಿಗೆಯ ಮೇಲೆ ಗೀರು ಕಂಡಾಗ ಅರತಿ, ಬೇರೆಯವನಿಗೆ ಇನ್ನೂ ಅಪರೂಪದ್ದು ಸಿಕ್ಕಿತೆಂದು ತಿಳಿದಾಗ ಶೋಕ, ಕಳುವಾದೀತೆಂಬ ಭಯ, ತನ್ನಲ್ಲಿರುವುದರ ಸಂಖ್ಯೆಯನ್ನು ನಾಲ್ಕು ಜನರ ಮುಂದೆ ಹೇಳುವಾಗಿನ ಮಾನ, ಇನ್ನೊಂದು ಬೇಕೆಂಬ ಲೋಭ. ವಸ್ತು ಒಂದೇ ಗೇಣು ಉದ್ದದ್ದು. ಅದು ಒಳಗೆ ಆಕ್ರಮಿಸಿದ ಜಾಗ ಮಾತ್ರ ಎಕರೆಗಳ ಲೆಕ್ಕದ್ದು.

ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರೂ ಇದೆ. ವಸ್ತುವಿಗೆ ಹಾಕಿದ ಮಿತಿ ನಿಜವಾಗಿ ಇಚ್ಛೆಗೆ ಹಾಕಿದ ಮಿತಿ ಎಂಬುದು ಆ ಹೆಸರಿನ ತಾತ್ಪರ್ಯ. ಆ ವ್ರತದ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ವಿಸ್ಮಯ, ಲೋಭ ಎಂಬ ಮೂರು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಮುಂದೆ ಬೆಲೆ ಏರೀತೆಂದು ಈಗ ಕೂಡಿಹಾಕುವುದು ಅತಿಸಂಗ್ರಹ. ಪರರ ಸಂಪತ್ತನ್ನೂ ಲಾಭವನ್ನೂ ಕಂಡು ಬೆರಗಾಗಿ ಒಳಗೊಳಗೇ ಕುದಿಯುವುದು ವಿಸ್ಮಯ. ತಕ್ಕ ಲಾಭ ಬಂದ ಮೇಲೂ ಕೈ ಸಡಿಲಿಸದಿರುವುದು ಲೋಭ. ಧಾನ್ಯದ ಕಣಜ ತುಂಬುವವರನ್ನು ಕಣ್ಣ ಮುಂದಿಟ್ಟುಕೊಂಡು ವಿವರಿಸಿದ ಈ ದೋಷಗಳು ಹರಾಜಿನ ಕಟ್ಟೆಗೆ ಹೊಂದುವಷ್ಟು ಬೇರೆಲ್ಲಿಯೂ ಹೊಂದಲಾರವು.

ಇಲ್ಲಿ ಮುಖ್ಯವಾದ ಒಂದು ಭೇದವನ್ನು ಗಮನಿಸಬೇಕು. ‘ಪರಿಮಿತ ಆವೃತ್ತಿ’ ಎಂದು ಮಾರುವವನೂ ಸಂಖ್ಯೆಗೆ ಮಿತಿ ಹಾಕುತ್ತಾನೆ. ವ್ರತಿಯೂ ಸಂಖ್ಯೆಗೆ ಮಿತಿ ಹಾಕುತ್ತಾನೆ. ಹೊರನೋಟಕ್ಕೆ ಎರಡೂ ಪರಿಮಾಣಗಳೇ. ಆದರೆ ಮಾರುವವನು ವಸ್ತುವನ್ನು ಮಿತಗೊಳಿಸುವುದು ಇಚ್ಛೆ ಬೆಳೆಯಲೆಂದು; ವ್ರತಿಯು ಮಿತಗೊಳಿಸುವುದು ಇಚ್ಛೆ ಕುಗ್ಗಲೆಂದು. ಮೊದಲನೆಯದು ‘ಉಳಿದವರಿಗೆ ಇಲ್ಲ’ ಎನ್ನುತ್ತದೆ, ಎರಡನೆಯದು ‘ನನಗೆ ಸಾಕು’ ಎನ್ನುತ್ತದೆ. ವಿಶೇಷ ಆವೃತ್ತಿಯ ಕ್ಯಾಮೆರಾದ ಬೆಲೆಯಲ್ಲಿ ಬಂಗಾರದ ಪಾಲು ಅಲ್ಪ, ಯಂತ್ರದ ಪಾಲೂ ಅಲ್ಪ. ದೊಡ್ಡ ಪಾಲು ಬೇರೆಯವರ ಬಳಿ ಅದು ಇಲ್ಲ ಎಂಬುದಕ್ಕೆ. ಪರರ ಅಭಾವವನ್ನೇ ತನ್ನ ಸಂಪತ್ತೆಂದು ಎಣಿಸುವ ವಸ್ತುವನ್ನು ಅಪರಿಗ್ರಹದ ಮನೆಯೊಳಗೆ ಎಲ್ಲಿಡಬೇಕು?

ಸಾವಿರ ಎಂಬ ಸಂಖ್ಯೆಯೇ ಇನ್ನೊಂದು ನೆನಪನ್ನು ತರುತ್ತದೆ. ರಾಮದುರ್ಗ-ಸವದತ್ತಿಗಳಿಂದ ಬಹು ದೂರವಲ್ಲದ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಓಲೆಗರಿಯ ಒಂದೊಂದು ಪ್ರತಿಯನ್ನೂ ಕೈಯಿಂದ ಕೊರೆಯಬೇಕಾಗಿದ್ದ ಹತ್ತನೆಯ ಶತಮಾನದ ಮಾತಿದು. ಅಪರೂಪವಾದ ಗ್ರಂಥವೊಂದು ತನ್ನ ಮನೆಯಲ್ಲಿ ಮಾತ್ರ ಇರಬೇಕೆಂದು ಅವಳು ಬಯಸಿದ್ದರೆ ಅದಕ್ಕೆ ಬೇಕಾದ ಸಿರಿಯೂ ಅಧಿಕಾರವೂ ಅವಳಲ್ಲಿದ್ದವು. ಅವಳು ಆ ಅಪರೂಪತೆಯನ್ನೇ ಅಳಿಸಲು ತನ್ನ ಧನವನ್ನು ವೆಚ್ಚ ಮಾಡಿದಳು. ಸಾವಿರ ಬಂಗಾರದ ಕ್ಯಾಮೆರಾಗಳಿಗೂ ಸಾವಿರ ಓಲೆಯ ಪ್ರತಿಗಳಿಗೂ ಸಂಖ್ಯೆ ಒಂದೇ, ದಿಕ್ಕು ಮಾತ್ರ ಎದುರುಬದುರು.

ಇನ್ನು ಅಹಿಂಸೆಯ ವಿಚಾರ. ಸರೀಸೃಪದ ಚರ್ಮ ಹೊದಿಸಿದ ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆ ಜೀವಿ ಎಂದೋ ಸತ್ತಿದೆ, ನಾನು ಕೊಲ್ಲಲಿಲ್ಲ, ಕೊಲ್ಲಿಸಲೂ ಇಲ್ಲ ಎಂದು ಸಂಗ್ರಾಹಕನು ಹೇಳಬಹುದು. ಆದರೆ ನಮ್ಮ ಶಾಸ್ತ್ರವು ಕೃತ, ಕಾರಿತಗಳ ಜೊತೆಗೆ ಅನುಮೋದನೆಯನ್ನೂ ಎಣಿಸುತ್ತದೆ. ಚರ್ಮ ಹೊದಿಸಿದ್ದೆಂಬ ಕಾರಣಕ್ಕೇ ಹೆಚ್ಚು ಬೆಲೆ ತೆರುವುದು ಅನುಮೋದನೆಯಲ್ಲದೆ ಮತ್ತೇನು?

ಫಿಲಂನ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಬೆಳಕನ್ನು ಗ್ರಹಿಸುವ ಬೆಳ್ಳಿಯ ಲವಣದ ಕಣಗಳನ್ನು ಪಟ್ಟಿಯ ಮೇಲೆ ಹಿಡಿದಿಡುವುದು ಜೆಲಟಿನ್ ಎಂಬ ಅಂಟು. ಅದು ದನಗಳ ಎಲುಬು ಮತ್ತು ತೊಗಲಿನಿಂದ ತೆಗೆದದ್ದು. ೧೯೨೦ರ ದಶಕದಲ್ಲಿ ಕೊಡ್ಯಾಕ್ ಕಂಪನಿಯ ವಿಜ್ಞಾನಿ ಶೆಪರ್ಡ್ ಎಂಬವರು ಕೆಲವು ಜೆಲಟಿನ್‌ಗಳು ಬೆಳಕಿಗೆ ಹೆಚ್ಚು ಸ್ಪಂದಿಸುವುದೇಕೆಂದು ಹುಡುಕುತ್ತ ಹೋಗಿ, ದನಗಳು ಮೇದ ಸಾಸಿವೆಯಂಥ ಗಿಡಗಳಿಂದ ಬಂದ ಗಂಧಕದ ಅಂಶವೇ ಕಾರಣವೆಂದು ಕಂಡುಕೊಂಡರು. ಅಂದರೆ ದನ ತಿಂದ ಮೇವಿನ ಗುಣ ಕೂಡ ನಮ್ಮ ಹಳೆಯ ಚಿತ್ರಗಳಲ್ಲಿ ಸೇರಿಕೊಂಡಿದೆ. ೧೯೬೦ರಲ್ಲಿ ಸ್ಥಾಪಿತವಾಗಿ ಉದಕಮಂಡಲದಲ್ಲಿ ‘ಇಂದು’ ಹೆಸರಿನ ಫಿಲಂ ತಯಾರಿಸಿದ, ಈಗ ಮುಚ್ಚಿಹೋಗಿರುವ ನಮ್ಮದೇ ಸರಕಾರದ ಕಾರ್ಖಾನೆಯ ಫಿಲಂ ಕೂಡ ಈ ಬಗೆಯದೇ. ನಮ್ಮ ಮನೆಗಳ ಗೋಡೆಯ ಮೇಲಿರುವ ಹಿರಿಯರ ಭಾವಚಿತ್ರಗಳು, ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮಣ್ಣಿನಿಂದ ಎದ್ದುಬಂದು ೧೯೫೫ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಆಚಾರ್ಯ ಶಾಂತಿಸಾಗರ ಮುನಿಮಹಾರಾಜರ ಆ ಕಾಲದ ಛಾಯಾಚಿತ್ರಗಳು ಸಹ ಈ ಅಂಟಿನ ಮೇಲೆಯೇ ಮೂಡಿದವು.

ಹಾಗೆಂದು ಅವುಗಳನ್ನು ಕಿತ್ತೆಸೆಯಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿರುವುದು ವಿವೇಕಕ್ಕಾಗಿ. ಅಂದಿನ ಸ್ಟುಡಿಯೊದವನಿಗೆ ಫಿಲಂ ಹೊಟ್ಟೆಪಾಡಾಗಿತ್ತು, ಬೇರೆ ಸಾಧನವೂ ಇರಲಿಲ್ಲ. ಇಂದು ಫಿಲಂ ಇಲ್ಲದೆಯೇ ಚಿತ್ರ ತೆಗೆಯಬಹುದು. ಸಾಧನ ಬೇರೆ ಇದ್ದೂ ಕೇವಲ ಹಳೆಯದರ ಮೋಜಿಗಾಗಿ ಫಿಲಂ ಸುರುಳಿಯ ಮೇಲೆ ಸುರುಳಿ ಸುಡುವವನು ಉದ್ಯೋಗೀ ಹಿಂಸೆಯ ಆಶ್ರಯ ಪಡೆಯಲಾರನು. ಆದರೆ ಈಗಾಗಲೇ ಆಗಿಹೋದ ಚಿತ್ರಗಳನ್ನು ಹಾಳುಗೆಡವಿದರೆ ಯಾವ ಜೀವಕ್ಕೂ ಅದರಿಂದ ಉಪಕಾರವಾಗುವುದಿಲ್ಲ.

ಈಗ ಸಂಗ್ರಾಹಕನ ಪಕ್ಷವನ್ನೂ ಅನೇಕಾಂತದ ದೃಷ್ಟಿಯಿಂದ ಕೇಳೋಣ. ಅವನು ಹೇಳುತ್ತಾನೆ: “ನಾನು ಕೂಡಿಡದಿದ್ದರೆ ಇವೆಲ್ಲ ಗುಜರಿಯವನ ಸುತ್ತಿಗೆಗೆ ಬೀಳುತ್ತಿದ್ದವು. ಮನುಷ್ಯನ ಕೈಕೌಶಲದ ಸಾಕ್ಷಿಯನ್ನು ಉಳಿಸಿದವನು ನಾನು. ಬಂಗಾರ ಕೂಡಿಡುವ ಶ್ರಾವಕನನ್ನು ಕೇಳದವರು ನನ್ನನ್ನೇಕೆ ಕೇಳುತ್ತೀರಿ?” ಕೊನೆಯ ಮಾತಿನಲ್ಲಿ ಸತ್ಯವಿದೆ. ಲಾಕರಿನಲ್ಲಿ ಬಂಗಾರವಿಟ್ಟವನು ಕ್ಯಾಮೆರಾ ಇಟ್ಟವನಿಗೆ ಉಪದೇಶ ಮಾಡುವುದು ಶೋಭಿಸದು. ಮೊದಲಿನ ಮಾತಿನಲ್ಲಿಯೂ ಬಲವಿದೆ. ಅದಕ್ಕೆ ನಮ್ಮ ಸಮಾಜದ ಚರಿತ್ರೆಯೇ ಸಾಕ್ಷಿ. ಷಟ್ಖಂಡಾಗಮದ ಧವಲಾ ಟೀಕೆಯ ಓಲೆಗರಿಗಳು ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಬೀಗದೊಳಗಿದ್ದವು. ಆ ಬೀಗವಿಲ್ಲದಿದ್ದರೆ ಅವು ಇಂದು ಇರುತ್ತಿರಲಿಲ್ಲ. ಆದರೆ ಬಹುಕಾಲ ಅವುಗಳ ದರ್ಶನವಾಗುತ್ತಿತ್ತೇ ಹೊರತು ಅಧ್ಯಯನವಾಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, ೧೯೩೯ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದ ಮೇಲೆಯೇ ಆಗಮವು ಲೋಕಕ್ಕೆ ತೆರೆಯಿತು. ಬೀಗ ಹಾಕಿದ್ದೂ ಧರ್ಮ, ಬೀಗ ತೆಗೆದದ್ದೂ ಧರ್ಮ. ತೆಗೆಯುವ ಕಾಲ ಬಂದಾಗಲೂ ತೆಗೆಯದಿದ್ದರೆ ಅದು ರಕ್ಷಣೆಯಾಗಿ ಉಳಿಯುತ್ತಿರಲಿಲ್ಲ.

ಇದೇ ಒರೆಗಲ್ಲನ್ನು ಕ್ಯಾಮೆರಾಕ್ಕೂ ಹಚ್ಚಬಹುದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕ್ಯಾಮೆರಾಗಳನ್ನೂ ಇರಿಸಲಾಗಿದೆ. ಅಲ್ಲಿಗೆ ಬರುವ ಶಾಲೆಯ ಮಗುವೂ ಹಳ್ಳಿಯ ಯಾತ್ರಿಕನೂ ಅವನ್ನು ನೋಡಬಹುದು. ದೆಹಲಿಯ ಹತ್ತಿರ ಗುರುಗ್ರಾಮದಲ್ಲಿ ೨೦೧೯ರಲ್ಲಿ ಆರಂಭವಾದ ಮ್ಯೂಸಿಯೊ ಕ್ಯಾಮೆರಾ ಎಂಬ ಸಂಗ್ರಹಾಲಯ ಕೂಡ ಒಬ್ಬ ಛಾಯಾಗ್ರಾಹಕರ ಸಂಗ್ರಹದಿಂದಲೇ ಬೆಳೆದು ಸಾರ್ವಜನಿಕವಾದುದು. ಇಂಥಲ್ಲಿ ವಸ್ತುವು ಒಬ್ಬನ ಮಮಕಾರದಿಂದ ಬಿಡುಗಡೆ ಹೊಂದುತ್ತದೆ. ಇದಕ್ಕೆ ವಿರುದ್ಧವಾಗಿ, ವಿಶೇಷ ಆವೃತ್ತಿಯ ಕ್ಯಾಮೆರಾಕ್ಕೆ ಪೂರ್ಣ ಬೆಲೆ ಬರಬೇಕಾದರೆ ಅದರ ಪೆಟ್ಟಿಗೆ ಒಡೆದಿರಬಾರದು, ಗುಂಡಿ ಒತ್ತಿರಬಾರದು, ಒಂದು ಚಿತ್ರವನ್ನೂ ತೆಗೆದಿರಬಾರದು. ನೋಡುವುದಕ್ಕೆಂದು ಹುಟ್ಟಿದ ಕಣ್ಣು ಒಮ್ಮೆಯೂ ತೆರೆಯದಿರುವುದೇ ಅದರ ಯೋಗ್ಯತೆ! ಆದರೆ ವಸ್ತುವಿನ ಸ್ವಭಾವ ಬೇರೆ. ಬಳಸದ ಕ್ಯಾಮೆರಾದ ಒಳಗಿನ ಎಣ್ಣೆ ಗಟ್ಟಿಯಾಗಿ ಷಟರು ಬಿಗಿಯುತ್ತದೆ. ಗಾಳಿಯಾಡದ ಕಪಾಟಿನಲ್ಲಿ ತೇವ ಸೇರಿ ಮಸೂರದ ಮೇಲೆ ಬೂಷ್ಟು ಹಬ್ಬುತ್ತದೆ. ಮೂರ್ಛೆಯಿಂದ ಕಾಯ್ದ ವಸ್ತು ಆ ಕಾವಲಿನಿಂದಲೇ ಕೆಡುತ್ತದೆ.

ಹಾಗಾದರೆ ಉಳಿಸಿಕೊಳ್ಳಬೇಕಾದುದು ಯಾವುದು? ೧೮೬೬ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಚಿತ್ರಗ್ರಂಥವೊಂದು ಪ್ರಕಟವಾಯಿತು. ಪಿಗೌ, ನೀಲ್, ಬಿಗ್ಸ್ ಎಂಬ ಮೂವರು ತೆಗೆದ ಚಿತ್ರಗಳು ಅದರಲ್ಲಿವೆ. ನಮ್ಮ ದೇಗುಲಗಳು ಅಂದು ಹೇಗಿದ್ದವೆಂದು ತಿಳಿಯಬಯಸುವವರು ಇಂದಿಗೂ ಆ ಚಿತ್ರಗಳನ್ನು ತೆರೆಯುತ್ತಾರೆ. ತೆಗೆದ ಯಂತ್ರ ಯಾವುದೆಂದು ಕೇಳುವವರು ವಿರಳ. ಉತ್ತರ ಭಾರತದ ಸರ್ಧನಾದಲ್ಲಿ ಜೈನ ಕುಟುಂಬವೊಂದರಲ್ಲಿ ೧೮೪೪ರಲ್ಲಿ ಹುಟ್ಟಿ, ಹೈದರಾಬಾದಿನ ನಿಜಾಮರ ಆಸ್ಥಾನ ಛಾಯಾಗ್ರಾಹಕನೆನಿಸಿ ೧೯೦೫ರಲ್ಲಿ ಕಾಲವಾದ ರಾಜಾ ದೀನದಯಾಳನ ಕೀರ್ತಿ ನಿಂತಿರುವುದೂ ಅವನ ಚಿತ್ರಗಳ ಮೇಲೆ. ಅವನ ಎರಡು ಸಾವಿರಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿ ಭದ್ರವಾಗಿವೆ.

ಇದನ್ನು ನಮ್ಮ ನಾಲ್ಕು ತಾಲೂಕುಗಳಿಗೆ ಅನ್ವಯಿಸಿ ನೋಡೋಣ. ಬೈಲಹೊಂಗಲದಲ್ಲಿ ನಾಲ್ವತ್ತು ವರ್ಷ ಫೋಟೋ ಸ್ಟುಡಿಯೊ ನಡೆಸಿದ ತಂದೆಯೊಬ್ಬನು ತೀರಿಕೊಂಡನೆಂದು ಕಲ್ಪಿಸಿಕೊಳ್ಳಿ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಲು ಕೂಡುತ್ತಾರೆ. ಹಳೆಯ ಯಾಶಿಕಾಕ್ಕೆ ಈಗ ಬೆಲೆ ಇದೆಯೆಂದು ಯಾರೋ ಹೇಳಿರುವುದರಿಂದ ಇಬ್ಬರೂ ಅದನ್ನು ಕೇಳುತ್ತಾರೆ, ಮಾತಿಗೆ ಮಾತು ಬೆಳೆಯುತ್ತದೆ. ಮೂಲೆಯ ಟ್ರಂಕಿನಲ್ಲಿ ತುಂಬಿದ ನೆಗೆಟಿವ್‌ಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವು ಗುಜರಿಗೋ, ಬೆಳ್ಳಿ ತೆಗೆಯುವವನ ಕೈಗೋ ಹೋಗುತ್ತವೆ. ಆ ಟ್ರಂಕಿನಲ್ಲಿ ಏನಿತ್ತು? ಊರಿನ ಪಂಚಕಲ್ಯಾಣ ಮಹೋತ್ಸವವಿತ್ತು, ಮುನಿಗಳ ಚಾತುರ್ಮಾಸವಿತ್ತು, ಜೀರ್ಣೋದ್ಧಾರಕ್ಕೆ ಮೊದಲು ಬಸದಿಯ ಗೋಡೆ, ಕಂಬ, ಶಿಲಾಲೇಖಗಳು ಹೇಗಿದ್ದವೆಂಬುದಿತ್ತು, ಈಗ ಒಂದೂ ಚಿತ್ರ ಉಳಿಯದ ನೂರು ಮನೆಗಳ ಅಜ್ಜ-ಅಜ್ಜಿಯರಿದ್ದರು. ಸುಗಂಧವರ್ತಿಯೆಂದು ಹೆಸರಾಗಿದ್ದ ಸವದತ್ತಿಯು ಜಿನಧರ್ಮಕ್ಕೆ ಆಶ್ರಯ ಕೊಟ್ಟ ರಟ್ಟರ ರಾಜಧಾನಿ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ಬೆಳಗಾವಿಯ ಕೋಟೆಯಲ್ಲಿ ೧೨೦೪ರಲ್ಲಿ ಕಟ್ಟಿಸಿದ ಕಮಲಬಸದಿ ನಮ್ಮೆದುರಿಗಿದೆ. ಇಂಥ ನೆಲದಲ್ಲಿ ಹೊಸ ಗಿಲಾವು, ಹೊಸ ಫರ್ಶಿಗಳ ಅಡಿಯಲ್ಲಿ ಮರೆಯಾದುದಕ್ಕೆ ಎಷ್ಟೋ ಕಡೆ ಹಳೆಯ ನೆಗೆಟಿವ್ ಒಂದೇ ಸಾಕ್ಷಿಯಾಗಿರಬಹುದು. ಯಂತ್ರಕ್ಕಾಗಿ ಜಗಳಾಡಿ ಅದು ಕಂಡದ್ದನ್ನು ಗುಜರಿಗೆ ಹಾಕುವುದು ಹಣ್ಣು ಎಸೆದು ಬುಟ್ಟಿಗೆ ಬಡಿದಾಡಿದಂತೆ.

ಆದುದರಿಂದ ಶ್ರಾವಕ ಕುಟುಂಬಗಳು ಮತ್ತು ಬಸದಿಗಳ ಟ್ರಸ್ಟುಗಳು ಯೋಚಿಸಲೆಂದು ಕೆಲವು ಮಾತುಗಳು. ಹಳೆಯ ಕ್ಯಾಮೆರಾ ಮನೆಯಲ್ಲಿದ್ದರೆ ಇರಲಿ. ಆದರೆ ಅದನ್ನೂ ಪರಿಮಾಣದ ಲೆಕ್ಕದೊಳಗೆ ತರಬೇಕು. ಎಷ್ಟು ಸಾಕೆಂಬುದನ್ನು ಕೊಳ್ಳುವ ಮೊದಲೇ ಗೊತ್ತುಮಾಡಬೇಕು, ಕೊಂಡ ಮೇಲಲ್ಲ. ಪ್ರಾಣಿಯ ಚರ್ಮದಿಂದ ಅಲಂಕರಿಸಿದ್ದನ್ನು ಕೊಳ್ಳಬಾರದು. ಇದ್ದದ್ದನ್ನು ಮಕ್ಕಳ ಕೈಗೆ ಕೊಟ್ಟು, ಬೆಳಕು ಚಿತ್ರವಾಗುವ ಬಗೆಯನ್ನು ಹೇಳಿಕೊಡಬೇಕು. ಯಾರಾದರೂ ಬೆಲೆಬಾಳುವ ಕ್ಯಾಮೆರಾವನ್ನು ಬಸದಿಗೆ ದಾನವಾಗಿ ಕೊಟ್ಟರೆ ಅದು ದೇವದ್ರವ್ಯವೆಂಬುದನ್ನು ಮರೆಯದೆ ಪುಸ್ತಕದಲ್ಲಿ ಬರೆದು, ಜನರು ನೋಡುವಲ್ಲಿ ಇಡಬೇಕು. ಇಲ್ಲವೆ ದಾನಿಯ ಒಪ್ಪಿಗೆಯಿಂದ ಬಹಿರಂಗವಾಗಿ ಮಾರಿ ಶಾಸ್ತ್ರದಾನಕ್ಕೆ ವಿನಿಯೋಗಿಸಬೇಕು. ಅದು ಯಾವ ಟ್ರಸ್ಟಿಯ ಮನೆಯ ಕಪಾಟನ್ನೂ ಸೇರಬಾರದು.

ನೆಗೆಟಿವ್‌ಗಳ ವಿಷಯದಲ್ಲಿ ತ್ವರೆ ಬೇಕು. ಕಿತ್ತೂರಿನ ಕಡೆಯ ಮಳೆಗಾಲದ ತೇವದಲ್ಲಿ ಜೆಲಟಿನ್ ಉಬ್ಬಿ ಬೂಷ್ಟು ಹಿಡಿಯುವುದು ಸುಲಭ. ರಾಮದುರ್ಗದ ಒಣ ಸೆಖೆಯಲ್ಲಿ ಹಳೆಯ ಫಿಲಂ ಸುರುಟುತ್ತದೆ. ಹುಳಿ ವಾಸನೆ ಬರತೊಡಗಿದರೆ ಫಿಲಂನ ಆಧಾರವೇ ಕೊಳೆಯುತ್ತಿದೆಯೆಂದು ತಿಳಿದು ಅಂಥವನ್ನು ಉಳಿದವುಗಳಿಂದ ಬೇರೆ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯದೆ, ಒಳ್ಳೆಯ ಕಾಗದದ ಲಕೋಟೆಗಳಲ್ಲಿ ಹಾಕಿ, ತಂಪಾದ ಒಣ ಜಾಗದಲ್ಲಿ ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಊರಿನ ಹಿರಿಯರು ಇರುವಾಗಲೇ ಅವರನ್ನು ಕೂಡಿಸಿ ಚಿತ್ರದಲ್ಲಿರುವವರ ಹೆಸರು, ಸಂದರ್ಭ, ವರ್ಷಗಳನ್ನು ಬರೆಯಿಸಿಕೊಳ್ಳಬೇಕು. ಹೆಸರಿಲ್ಲದ ಮುಖವನ್ನು ಗುರುತಿಸುವವರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಬಳಿಕ ಪ್ರತಿ ತೆಗೆಯಿಸಿ, ಚಿತ್ರದಲ್ಲಿರುವ ಮನೆಯವರಿಗೆ ಒಂದು, ಬಸದಿಗೆ ಒಂದು, ನೆರೆಯೂರಿನ ಟ್ರಸ್ಟಿಗೆ ಒಂದು ಎಂದು ಹಂಚಿದರೆ ಅತ್ತಿಮಬ್ಬೆಯ ಕಾರ್ಯವನ್ನು ನಮ್ಮ ಅಳತೆಯಲ್ಲಿ ನಾವು ಮಾಡಿದಂತಾಗುತ್ತದೆ.

ಇಷ್ಟಕ್ಕೆ ಬೇಕಾಗುವ ಹಣ ದೊಡ್ಡದಲ್ಲ. ಮಹೋತ್ಸವವೊಂದರ ಮಂಟಪದ ಅಲಂಕಾರಕ್ಕೆ ತಗಲುವ ವೆಚ್ಚದ ಸಣ್ಣ ಅಂಶ ಸಾಕು. ಬೇಕಾಗಿರುವುದು ವಸ್ತುವಿನ ಕಡೆಗೆ ಬೇರೊಂದು ದೃಷ್ಟಿ. ಇದು ನನ್ನದು ಎಂಬಲ್ಲಿಗೆ ಮಾತು ನಿಂತರೆ ಅದು ಪರಿಗ್ರಹ. ಇದು ನನ್ನ ವಶದಲ್ಲಿದೆ, ಯಾರಿಗೆ ಉಪಯೋಗವಾದೀತು ಎಂದು ಮುಂದುವರಿದರೆ ವ್ರತ ಆರಂಭವಾಯಿತು. ಮುಂದಿನ ಪರ್ಯೂಷಣದ ಹತ್ತು ದಿನಗಳಲ್ಲಿ ಉತ್ತಮ ಆಕಿಂಚನ್ಯದ ದಿನ ಪ್ರತಿಯೊಂದು ಮನೆಯವರೂ ತಮ್ಮ ಅಟ್ಟದ ಒಂದು ಟ್ರಂಕನ್ನು ಕೆಳಗಿಳಿಸಿ ತೆರೆದು ನೋಡಲಿ. ಕೊಡಬೇಕಾದುದು ಅದರಲ್ಲಿ ಏನಾದರೂ ಇದ್ದೇ ಇರುತ್ತದೆ.